ಬೇಳೆ ಬೇಯುವ ನೀರು

"ಮಣ್ಣು ಓದಿದವರು ನೀರಿನ ಹಿಂದೆ ಹೇಗೆ ಹೋದಿರಿ ದೊಡ್ಡಪ್ಪ?" ಅಂತ ಊಟಕ್ಕೆ ಕೂತಾಗ ಕೇಳಿದೆಯಲ್ಲ ಪುಟ್ಟಿ, ಅದು ಎರಡು ತುತ್ತಿನ ನಡುವೆ ಹೇಳಿ ಮುಗಿಸುವ ಮಾತಲ್ಲ. ಆ ಜಾಲಿ ಕೊರಡನ್ನು ಇನ್ನಷ್ಟು ಬೆಂಕಿಗೆ ತಳ್ಳು, ಕಂಬಳಿ ಹೊದ್ದುಕೊ. ನೀನೂ ಈಗ ಮಣ್ಣಿನ ವಿಜ್ಞಾನಕ್ಕೇ ಸೇರಿದ್ದೀಯ, ಮುಂದಿನ ತಿಂಗಳು ಪಾವಗಡದ ಕಡೆ ಹೋಗುತ್ತೀಯ ಅಂತ ನಿಮ್ಮಪ್ಪ ಹೇಳಿದ. ಹಾಗಾದರೆ ಪಾವಗಡದ್ದೇ ಹೇಳುತ್ತೇನೆ.

ಹೆಬ್ಬಾಳದಲ್ಲಿ ಓದು ಮುಗಿಸಿ ಕೆಲಸಕ್ಕೆ ಸೇರಿದಾಗ ನನ್ನ ಪಾಲಿಗೆ ಬಂದದ್ದು ಮಣ್ಣಿನ ಸಮೀಕ್ಷೆ. ಹೊಲದಲ್ಲಿ ಆಳೆತ್ತರದ ಗುಂಡಿ ತೆಗೆಸಬೇಕು, ಒಳಗೆ ಇಳಿಯಬೇಕು, ಗುಂಡಿಯ ಗೋಡೆಯನ್ನು ಚಾಕುವಿನಿಂದ ಕೆರೆದು ಹಸನು ಮಾಡಿ ಪದರ ಪದರವಾಗಿ ನೋಡಬೇಕು. ಪ್ರತಿ ಪದರದ ಹೆಂಟೆಯನ್ನು ಒಡೆದು ಮನ್ಸೆಲ್ ಪುಸ್ತಕದ ಬಣ್ಣದ ಚೀಟಿಗಳ ಪಕ್ಕ ಹಿಡಿದು ಬಣ್ಣ ಬರೆದುಕೊಳ್ಳಬೇಕು. ಒದ್ದೆ ಮಾಡಿ ಬೆರಳಲ್ಲಿ ಹೊಸೆದು ಜೇಡಿ ಎಷ್ಟು, ಮರಳು ಎಷ್ಟು ಅಂತ ಅಂದಾಜು ಕಟ್ಟಬೇಕು. ಕೊನೆಗೆ ನೀರು ಬೆರೆಸಿ ತೆಳುಮಾಡಿದ ಹೈಡ್ರೋಕ್ಲೋರಿಕ್ ಆಮ್ಲದ ಎರಡೆರಡು ಹನಿ ಬಿಡಬೇಕು. ಸುಣ್ಣದ ಅಂಶವಿದ್ದರೆ ಹನಿ ಬಿದ್ದಲ್ಲಿ ನೊರೆ ಏಳುತ್ತದೆ. ಕಿವಿ ಹತ್ತಿರ ಹಿಡಿದರೆ ಸಣ್ಣಗೆ ಚುರುಗುಟ್ಟುವುದು ಕೇಳಿಸುತ್ತದೆ. ನನಗೆ ಆ ಸದ್ದು ಅಂದರೆ ಪ್ರಾಣ. ಯಾವ ಗುಂಡಿಗೆ ಇಳಿದರೂ ಮೊದಲು ಜೇಬಿನಿಂದ ಬರುತ್ತಿದ್ದದ್ದು ಆಮ್ಲದ ಸೀಸೆಯೇ.

ಪಾವಗಡ ನಮ್ಮ ತುಮಕೂರು ಜಿಲ್ಲೆಯದೇ ಆದರೂ ಮೂರು ಕಡೆಯಿಂದ ಆಂಧ್ರ ಸುತ್ತುವರಿದ ತಾಲ್ಲೂಕು. ಮಾತು ಅರ್ಧ ಕನ್ನಡ, ಅರ್ಧ ತೆಲುಗು. ವರ್ಷದ ಮಳೆ 600 ಮಿಲಿಮೀಟರನ್ನೂ ಮುಟ್ಟದ ಸೀಮೆ. ಎಲ್ಲಿ ನೋಡಿದರೂ ಬೋಳು ಬಂಡೆ, ಗುಡ್ಡದ ಬುಡದಲ್ಲಿ ಕೆಂಪು ಮಸಬು, ಅದರಲ್ಲಿ ಕಡಲೇಕಾಯಿ. ಆ ಬಂಡೆಗಳು ಸಾಮಾನ್ಯದವಲ್ಲ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಅಂತ ಹೆಸರಿತ್ತು. ಆ ಹೆಸರಲ್ಲೇ ಭೂವಿಜ್ಞಾನಿಗಳು ಕರೆಯುವ ಗ್ರಾನೈಟ್ ಪಟ್ಟಿಯೊಂದು ದಕ್ಷಿಣದಿಂದ ಹೊರಟು ಮಧುಗಿರಿ, ಪಾವಗಡಗಳನ್ನು ಹಾದು ಉತ್ತರಕ್ಕೆ ಸಾಗುತ್ತದೆ. ಸುಮಾರು 250 ಕೋಟಿ ವರ್ಷದ ಹಳೆಯ ಕಲ್ಲು. ಅದರೊಳಗೆ ಹೊಳೆಯುವ ಕಪ್ಪು ಅಭ್ರಕ ಇದೆ, ಹಾರ್ನ್‌ಬ್ಲೆಂಡ್ ಇದೆ, ಅಪಟೈಟ್ ಇದೆ, ಅಲ್ಲಲ್ಲಿ ಫ್ಲೋರೈಟ್ ಇದೆ. ಈ ನಾಲ್ಕರೊಳಗೂ ಫ್ಲೋರಿನ್ ಅಡಗಿದೆ. ಆಗ ಇದನ್ನೆಲ್ಲ ಪುಸ್ತಕದಲ್ಲಿ ಓದಿದ್ದೆ ಅಷ್ಟೇ. ನನ್ನ ಕಣ್ಣು ಇದ್ದದ್ದು ಮಣ್ಣಿನ ಮೇಲೆ. ಕೆಂಪು ಮಣ್ಣು ಎರಡು ಮೂರು ಅಡಿ ಇಳಿದ ಮೇಲೆ ಬೆಳ್ಳಗಿನ ಗಂಟುಗಳು ಸಿಗುತ್ತಿದ್ದವು, ಕಡಲೇಕಾಯಿ ಗಾತ್ರದವು, ಕೆಲವು ಮುಷ್ಟಿ ಗಾತ್ರದವು. ಆಮ್ಲ ಬಿಟ್ಟರೆ ಉಕ್ಕಿ ಹರಿಯುತ್ತಿತ್ತು. ಸುಣ್ಣದ ಗಂಟು. ತಗ್ಗಿನ ಹೊಲಗಳಲ್ಲಿ ಚೌಳು. ಬೇಸಿಗೆಯಲ್ಲಿ ಮೇಲೆ ಬಿಳಿ ಪುಡಿ ಹೂತು ನಿಲ್ಲುತ್ತಿತ್ತು. ಅಗಸರು ಬಟ್ಟೆ ಒಗೆಯಲು ಒಯ್ಯುತ್ತಿದ್ದ ಮಣ್ಣು ಅದೇ.

1980ರ ದಶಕದ ಕೊನೆಯ ವರ್ಷಗಳು. ಕಡಲೇಕಾಯಿ ಕೀಳುವ ಕಾಲ. ಹೊಲಗಳ ನಡುವಿನ ಒಂದು ಹಳ್ಳಿಯ ಶಾಲೆಯಲ್ಲಿ ನಮಗೆ ಬಿಡಾರ ಕೊಟ್ಟಿದ್ದರು. ಊರಿನ ಹೆಸರು ಬೇಡ, ಅಲ್ಲಿಯ ಹೆಣ್ಣುಮಕ್ಕಳಿಗೆ ಹಲ್ಲಿನ ಕಾರಣಕ್ಕೆ ಗಂಡು ಸಿಗುವುದು ಕಷ್ಟವಾಗಿದ್ದ ಕಾಲ ಅದು. ಬೆಳಗ್ಗೆ ಮಕ್ಕಳು ಬಂದರು. ಹೊಸಬರನ್ನು ಕಂಡರೆ ಮಕ್ಕಳು ನಗಬೇಕು ತಾನೇ? ಇವರು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಒಬ್ಬಿಬ್ಬರಲ್ಲ, ಹೆಚ್ಚುಕಡಿಮೆ ಎಲ್ಲರೂ. ನಾನು ಗುಂಡಿ ತೋರಿಸುತ್ತೇನೆ ಬನ್ನಿ ಅಂತ ಕರೆದುಕೊಂಡು ಹೋಗಿ, ಆಮ್ಲದ ಹನಿ ಬಿಟ್ಟು ನೊರೆ ಎಬ್ಬಿಸಿದೆ. ಆಗ ಕೈ ಅಡ್ಡ ಹಿಡಿಯುವುದನ್ನು ಮರೆತು ಎಲ್ಲರೂ ಒಟ್ಟಿಗೆ ನಕ್ಕರು. ಹಲ್ಲುಗಳು ಕಂದು. ಕೆಲವರದ್ದು ಹಳದಿ ಪಟ್ಟೆ, ಕೆಲವರದ್ದು ಕಡುಗಂದು, ಒಂದಿಬ್ಬರ ಹಲ್ಲಿನ ಮೇಲ್ಪದರವೇ ಚಕ್ಕೆ ಎದ್ದಿತ್ತು. ಎಂಟೊಂಬತ್ತು ವರ್ಷದ ಮಕ್ಕಳು ಪುಟ್ಟಿ.

ಮೇಷ್ಟ್ರನ್ನು ಕೇಳಿದೆ. ಊರಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ ಅಂದರು. ಇದ್ದಿಲಲ್ಲಿ ಉಜ್ಜುತ್ತಾರೆ ಅದಕ್ಕೆ ಅಂತ ಕೆಲವರು. ಬೆಲ್ಲ ಜಾಸ್ತಿ ತಿನ್ನುತ್ತಾರೆ ಅಂತ ಕೆಲವರು. ದೇವರಿಗೆ ಹೊತ್ತ ಹರಕೆ ತೀರಿಸಲಿಲ್ಲ ಅಂತ ಇನ್ನು ಕೆಲವರು. ಆದರೆ ಅದೇ ಮೇಷ್ಟ್ರ ಹಲ್ಲು ಬೆಳ್ಳಗಿತ್ತು, ಅವರು ಬೇರೆ ಊರಿನವರು. ಸರಿ, ಊರಿನ ದೊಡ್ಡವರದ್ದು? ಸಂಜೆ ಅರಳೀಕಟ್ಟೆಯ ಹತ್ತಿರ ಕೂತು ಮಾತಾಡುತ್ತಾ ಗಮನಿಸಿದೆ. ಮೂವತ್ತು ದಾಟಿದವರಲ್ಲಿ ಎಲೆ ಅಡಿಕೆಯ ಕರೆ ಇದೆ, ಆದರೆ ಆ ಪಟ್ಟೆ ಇಲ್ಲ. ಅಪ್ಪನ ಹಲ್ಲು ಬಿಳಿ, ಪಕ್ಕದಲ್ಲಿ ಕೂತ ಮಗನ ಹಲ್ಲು ಕಂದು. ಇದೇ ಊರಲ್ಲಿ ಹುಟ್ಟಿ ಬೆಳೆದ ಇಬ್ಬರು.

ಕಟ್ಟೆಯ ಮೇಲೆ ಕೂಲಿ ಕೆಲಸದ ಒಬ್ಬಾತ ಕೂತಿದ್ದ. ಐವತ್ತರ ಒಳಗಿನವನು. ಯಾರಾದರೂ ಕರೆದರೆ ಕತ್ತು ತಿರುಗಿಸುತ್ತಿರಲಿಲ್ಲ, ಇಡೀ ಮೈಯನ್ನೇ ತಿರುಗಿಸುತ್ತಿದ್ದ. ಗಲ್ಲವನ್ನು ಎದೆಗೆ ತಾಗಿಸಪ್ಪ ಅಂದೆ, ಆಗಲಿಲ್ಲ. ಮಂಡಿ ಮಡಿಸದೆ ಬಗ್ಗಿ ಕಾಲು ಮುಟ್ಟು ಅಂದೆ, ಆಗಲಿಲ್ಲ. ಎರಡೂ ಕೈ ಮೇಲೆತ್ತಿ ತಲೆಯ ಹಿಂದೆ ಹಿಡಿ ಅಂದೆ, ಮೊಣಕೈ ಅರ್ಧಕ್ಕೇ ನಿಂತಿತು. ವೈದ್ಯರು ಹಳ್ಳಿಗಳಲ್ಲಿ ಮಾಡುವ ಪರೀಕ್ಷೆ ಈ ಮೂರೇ. ಬಿಸಿಲಲ್ಲಿ ದುಡಿಯುವವನು ನೆರಳಲ್ಲಿ ಕೂತವನಿಗಿಂತ ಎಷ್ಟೋ ಹೆಚ್ಚು ನೀರು ಕುಡಿಯುತ್ತಾನೆ. ಹಾಗಾಗಿ ನೀರಲ್ಲಿ ಕೆಟ್ಟದ್ದು ಏನೇ ಇರಲಿ, ಬಡವನ ಮೂಳೆಗೆ ಅದು ಮೊದಲು ತಲುಪುತ್ತದೆ. ಇದನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಫ್ಲೋರೈಡು ಅಂತ ಅನುಮಾನ ಬಂತು. ನಮ್ಮ ದಕ್ಷಿಣದಲ್ಲಿ ಅದು ಹೊಸ ಸುದ್ದಿಯೇನಲ್ಲ. 1937ರಲ್ಲೇ ಮದ್ರಾಸಿನ ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟಿನ ಶಾರ್ಟ್, ಪಂಡಿತ್, ರಾಘವಾಚಾರಿ ಎಂಬ ಮೂವರು ನೆಲ್ಲೂರು ಜಿಲ್ಲೆಯ ಹಳ್ಳಿಗಳಲ್ಲಿ ಜನರ ಬೆನ್ನು ಸೆಟೆದುಕೊಳ್ಳುವುದಕ್ಕೆ ಕುಡಿಯುವ ನೀರಿನ ಫ್ಲೋರೈಡೇ ಕಾರಣ ಎಂದು ಬರೆದಿದ್ದರು. ಪಾವಗಡದಿಂದ ಪೂರ್ವಕ್ಕೆ ಆಂಧ್ರದ ಸೀಮೆ ದಾಟಿದರೆ ಅದೇ ದಿಕ್ಕು. ನಾನು ಮಣ್ಣಿನ ಚೀಲಗಳ ಜೊತೆಗೆ ಆ ಊರಿನ ನೀರನ್ನೂ ಹೊತ್ತು ತಂದೆ, ಪಾಲಿಥೀನ್ ಬಾಟಲಿಗಳಲ್ಲಿ. ಫ್ಲೋರೈಡಿನ ನೀರನ್ನು ಗಾಜಿನ ಸೀಸೆಯಲ್ಲಿ ಇಡಬಾರದು, ಅದು ಗಾಜಿಗೇ ಅಂಟಿಕೊಳ್ಳುತ್ತದೆ. ನೀನು ಮರೆಯಬೇಡ.

ಬೆಂಗಳೂರಿಗೆ ಬಂದು ಫ್ಲೋರೈಡ್ ಎಲೆಕ್ಟ್ರೋಡು ಇದ್ದ ಪ್ರಯೋಗಾಲಯದಲ್ಲಿ ಕಾಡಿ ಬೇಡಿ ಜಾಗ ಮಾಡಿಕೊಂಡೆ. ಅಮೆರಿಕದ ಫ್ರಾಂಟ್, ರಾಸ್ ಎಂಬಿಬ್ಬರು 1966ರಲ್ಲಿ ಲ್ಯಾಂಥನಮ್ ಫ್ಲೋರೈಡಿನ ಹರಳಿನಿಂದ ಮಾಡಿದ್ದ ಉಪಕರಣ ಅದು. ಅದಕ್ಕೂ ಮುಂಚೆ ಬಣ್ಣ ಬದಲಾಗುವುದನ್ನು ಕಣ್ಣಲ್ಲಿ ಹೋಲಿಸಿ ಅಳೆಯುತ್ತಿದ್ದರು. ನೀರಲ್ಲಿ ಅಲ್ಯೂಮಿನಿಯಂ ಸ್ವಲ್ಪ ಇದ್ದರೂ ಲೆಕ್ಕ ತಪ್ಪುತ್ತಿತ್ತು. ಎಲೆಕ್ಟ್ರೋಡಿಗೆ ಬಫರ್ ಬೆರೆಸಿದರೆ ಆ ಕಾಟವಿಲ್ಲ. ಒಂದು ವಿಶೇಷ ಗೊತ್ತಾ? ನೀರಲ್ಲಿ ಫ್ಲೋರೈಡ್ ಏರಿದಂತೆ ಆ ಮೀಟರಿನ ಅಂಕಿ ಇಳಿಯುತ್ತದೆ. ಹತ್ತು ಪಟ್ಟು ಏರಿದರೆ ಸುಮಾರು 59 ಮಿಲಿವೋಲ್ಟ್ ಇಳಿತ. ಶಾಲೆಯ ಮುಂದಿನ ಕೈಪಂಪಿನ ನೀರಲ್ಲಿ ಅದ್ದಿದೆ. ಅಂಕಿ ಇಳಿಯಿತು, ಇಳಿಯಿತು, ಇನ್ನೂ ಇಳಿಯಿತು. ಗ್ರಾಫಿನಲ್ಲಿ ನೋಡಿದರೆ ಲೀಟರಿಗೆ ನಾಲ್ಕು ಮಿಲಿಗ್ರಾಂ ದಾಟಿತ್ತು. ನಮ್ಮ ದೇಶದ ಮಾನಕದಲ್ಲಿ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5 ತನಕ. ವಿಶ್ವ ಆರೋಗ್ಯ ಸಂಸ್ಥೆಯದ್ದೂ 1.5.

ಇಲ್ಲಿಗೆ ನಿಲ್ಲಿಸಬಹುದಿತ್ತು. ವರದಿ ಬರೆದು ಕೊಟ್ಟೆ, ಕೈಪಂಪಿಗೆ ಕೆಂಪು ಬಣ್ಣ ಬಳಿದರು. ಕೆಂಪು ಬಳಿದರೆ ಕುಡಿಯಬೇಡಿ ಅಂತ. ಸಂಬಂಧಪಟ್ಟ ಕಚೇರಿಯಲ್ಲಿ ಸಭೆ ನಡೆದಾಗ ಅಲ್ಲಿಯ ಹಿರಿಯ ಇಂಜಿನಿಯರೊಬ್ಬರು, ಇನ್ನೂ ಆಳಕ್ಕೆ ಕೊರೆಸೋಣ, ಆಳದ ನೀರು ಶುದ್ಧ ಅಂದರು. ಎಲ್ಲರೂ ತಲೆಯಾಡಿಸಿದರು. ಅವರ ಮನಸ್ಸಿನಲ್ಲಿದ್ದದ್ದು ಕಾಲರಾ, ಭೇದಿ. ಆ ಮಟ್ಟಿಗೆ ಅವರ ಮಾತು ನಿಜವೇ. ತೆರೆದ ಬಾವಿ ಬಿಡಿಸಿ ಕೊಳವೆಬಾವಿ ಕೊಟ್ಟದ್ದರಿಂದ ಎಷ್ಟೋ ಮಕ್ಕಳು ಬದುಕಿದವು. ಆದರೆ ನನಗೆ ಸಮಾಧಾನವಿರಲಿಲ್ಲ. ಅಪ್ಪನ ಹಲ್ಲು ಬೆಳ್ಳಗೆ, ಮಗನದ್ದು ಯಾಕೆ ಕಂದು? ಬಂಡೆ 250 ಕೋಟಿ ವರ್ಷದಿಂದ ಅಲ್ಲೇ ಇದೆಯಲ್ಲ.

ಮತ್ತೆ ಹೋದೆ. ಆ ಸಲ ರಾತ್ರಿ ಹೊಲದಲ್ಲೇ ಉಳಿದೆವು. ಕಿತ್ತು ಗುಡ್ಡೆ ಹಾಕಿದ್ದ ಕಡಲೇಕಾಯಿಯನ್ನು ಕಾಯುವವರು ಬೆಂಕಿ ಹಾಕಿದ್ದರು, ಗಿಡ ಸಮೇತ ಹಸಿಕಾಯಿಯನ್ನು ಬೆಂಕಿಗೊಡ್ಡಿ ಸುಟ್ಟು ತಿನ್ನುತ್ತಿದ್ದೆವು. ಅಲ್ಲಿ ಒಬ್ಬಳು ಮುದುಕಿ ಇದ್ದಳು, ಹೊಲದ ಯಜಮಾನಿ. ಅವಳ ಪಕ್ಕದಲ್ಲಿ ಮೊಮ್ಮಕ್ಕಳು ಇಬ್ಬರು. ಬೆಂಕಿಯ ಬೆಳಕಿನಲ್ಲಿ ಅವರು ನಕ್ಕಾಗ ನಾನು ಕೂತಲ್ಲೇ ಮುಂದಕ್ಕೆ ಜರುಗಿದೆ. ಹಲ್ಲು ಬೆಳ್ಳಗಿತ್ತು. ಟಾರ್ಚು ಹಾಕಿ ನೋಡಿದೆ. ಪೂರ್ತಿ ಶುದ್ಧವಲ್ಲ, ತೆಳ್ಳಗಿನ ಸುಣ್ಣದ ಗೆರೆಗಳಿದ್ದವು. 1930ರ ದಶಕದಲ್ಲಿ ಟ್ರೆಂಡ್ಲಿ ಡೀನ್ ರೂಪಿಸಿದ ಶ್ರೇಣಿಯಲ್ಲಿ ಅತಿ ಸೌಮ್ಯ ಅಂತ ಬರೆಯುವಂಥವು. ಆದರೆ ಅದೇ ಶಾಲೆ, ಅದೇ ತರಗತಿಯ ಮಕ್ಕಳು, ಕಂದು ಇಲ್ಲ.

"ಅವ್ವಾ, ನೀವು ಕುಡಿಯೋದು ಯಾವ ನೀರು?" ಅಂತ ಕೇಳಿದೆ.

"ತಲಪರಿಗೆ ನೀರು ಸಾಮಿ. ಕೆರೆ ಹಿಂದೆ ಐತಲ್ಲ, ಅದು."

ತಲಪರಿಗೆ ನೀನು ನೋಡಿಲ್ಲ ಅನ್ನಿಸುತ್ತದೆ. ಪಾವಗಡ, ಮಧುಗಿರಿ, ಕೊರಟಗೆರೆ, ಸಿರಾ ಸೀಮೆಯ ನೀರಿನೂಟೆ ಅದು. ಕೆರೆಯ ಅಂಗಳದಲ್ಲೋ ಹಳ್ಳದ ಪಕ್ಕದಲ್ಲೋ ಮರಳು ನೆಲದಲ್ಲಿ ಮೇಲಕ್ಕೇ ಜಿನುಗುವ ಸೆಲೆ. ಸುತ್ತ ಸ್ವಲ್ಪ ತೋಡಿ, ಕಲ್ಲು ಕಟ್ಟಿ, ಕಾಲುವೆ ಎಳೆದು ಊರವರೆಲ್ಲ ಸೇರಿ ಪಾಲಿನ ಮೇಲೆ ಗದ್ದೆಗೂ ಹರಿಸಿಕೊಳ್ಳುತ್ತಿದ್ದರು. ವರ್ಷಕ್ಕೊಮ್ಮೆ ಮನೆಗೊಂದು ಆಳು ಬಂದು ಹೂಳು ತೆಗೆಯಬೇಕು, ಬರದವರ ಮನೆಗೆ ನೀರಿನ ಸರದಿ ಇಲ್ಲ. ಕೊಳವೆಬಾವಿ ಬಂದ ಮೇಲೆ ಒಂದೊಂದೇ ಮುಚ್ಚಿಹೋದವು.

"ಬೇರೆಯವರು ಯಾಕೆ ಅಲ್ಲಿಂದ ತರಲ್ಲ?"

"ಆ ನೀರಾಗೆ ಬೇಳೆ ಬೇಯಾಕಿಲ್ಲ ಸಾಮಿ. ಹೊತ್ತು ಮುಳುಗಿದ್ರೂ ಹಂಗೇ ಇರ್ತದೆ. ಸೋಪು ಉಜ್ಜಿದ್ರೆ ನೊರೆ ಬರಾಕಿಲ್ಲ. ಬೋರಿಂಗ್ ನೀರಾದ್ರೆ ಎಲ್ಡು ಕುದಿಗೆ ಬೆಂದೋಯ್ತದೆ. ಒಳ್ಳೆ ನೀರು ಅಂತ ಎಲ್ಲಾ ಅದಕ್ಕೇ ಹೋದ್ರು."

"ಮತ್ತೆ ನೀವು?"

"ನಾನೂ ಸಾರಿಗೆ ಬೋರಿಂಗ್ ನೀರೇ ಹಾಕೋದು. ಕುಡಿಯಾಕೆ ಮಾತ್ರ ತಲಪರಿಗೇದು. ದೇವ್ರಿಗೆ ಇಡೋ ನೀರು ನಮ್ಮತ್ತೆ ಕಾಲದಿಂದ ಅಲ್ಲಿಂದಲೇ ತರ್ತಿದ್ವಿ. ಹೆಂಗೂ ಹೋಗ್ತೀನಲ್ಲ, ಇನ್ನೊಂದು ಬಿಂದಿಗೆ ತರ್ತೀನಿ. ಬೋರಿಂಗ್ ನೀರು ಸಪ್ಪೆ ಸಾಮಿ, ನಾಲ್ಗೆಗೆ ಹತ್ತಾಕಿಲ್ಲ."

ಅವಳು ಹೇಳಿ ಮುಗಿಸಿ ಕಾಯಿ ಸುಲಿಯುತ್ತಾ ಕೂತಳು. ನನ್ನ ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು. ಅಷ್ಟು ದಿನ ಗುಂಡಿಗಳಲ್ಲಿ ಬರೆದುಕೊಂಡದ್ದೆಲ್ಲ ಆ ಒಂದು ಮಾತಿಗೆ ಬಂದು ಸೇರಿತು. ಹೇಗೆ ಅಂತ ಹೇಳುತ್ತೇನೆ, ಸರಿಯಾಗಿ ಕೇಳಿಸಿಕೊ.

ಬೇಳೆ ಯಾಕೆ ಬೇಯುವುದಿಲ್ಲ? ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಹೆಚ್ಚಿದ್ದರೆ ಅವು ಬೇಳೆಯ ಜೀವಕೋಶಗಳ ನಡುವಿನ ಪೆಕ್ಟಿನ್ನನ್ನು ಬಿಗಿಮಾಡುತ್ತವೆ, ಕಾಳು ಒಡೆಯುವುದಿಲ್ಲ. ಸೋಪಿನ ಜೊತೆ ಸೇರಿ ಗಸಿ ಆಗುತ್ತವೆ, ನೊರೆ ಬರುವುದಿಲ್ಲ. ಬೇಗ ಬೇಯುವುದು ಯಾವಾಗ? ಕ್ಯಾಲ್ಸಿಯಂ ಕಡಿಮೆ ಇದ್ದು, ಸೋಡಿಯಂ ಬೈಕಾರ್ಬೊನೇಟ್ ಹೆಚ್ಚಿರುವಾಗ. ಹೋಟೆಲಿನವರು ಬೇಳೆಗೆ ಚಿಟಿಕೆ ಸೋಡ ಹಾಕುತ್ತಾರಲ್ಲ, ಕೊಳವೆಬಾವಿಯ ನೀರಿನಲ್ಲಿ ಆ ಸೋಡ ಮೊದಲೇ ಇದೆ. ಹಾಗಾದರೆ ಅದರಲ್ಲಿದ್ದ ಕ್ಯಾಲ್ಸಿಯಂ ಎಲ್ಲಿ ಹೋಯಿತು? ನಾನು ಆಮ್ಲ ಬಿಟ್ಟು ನೊರೆ ಎಬ್ಬಿಸುತ್ತಿದ್ದೆನಲ್ಲ, ಆ ಬಿಳಿ ಗಂಟಿನಲ್ಲಿದೆ.

ಮಳೆ ನೀರು ಮಣ್ಣಿಗೆ ಇಳಿಯುತ್ತದೆ, ಬೇರಿನ ಉಸಿರಿನಿಂದ ಇಂಗಾಲಾಮ್ಲ ಹಿಡಿದುಕೊಂಡು ಕಲ್ಲನ್ನು ಕರಗಿಸುತ್ತದೆ. ಕ್ಯಾಲ್ಸಿಯಂ, ಸೋಡಿಯಂ, ಫ್ಲೋರೈಡ್ ಎಲ್ಲವೂ ಬರುತ್ತವೆ. ಮಲೆನಾಡಾದರೆ ಮಳೆ ಇವನ್ನೆಲ್ಲ ತೊಳೆದು ಹೊಳೆಗೆ ಸೇರಿಸುತ್ತದೆ. ಪಾವಗಡದ ಬಿಸಿಲಲ್ಲಿ ನೀರು ಅರ್ಧದಾರಿಯಲ್ಲೇ ಆರುತ್ತದೆ, ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಂಟುಕಟ್ಟಿ ಮಣ್ಣಲ್ಲೇ ಉಳಿಯುತ್ತದೆ. ಉಳಿದ ನೀರು ಸೋಡಿಯಂ, ಬೈಕಾರ್ಬೊನೇಟ್ ಹೊತ್ತು ನಿಧಾನವಾಗಿ ಬಂಡೆಯ ಬಿರುಕಿಗೆ ಇಳಿಯುತ್ತದೆ. ಕ್ಯಾಲ್ಸಿಯಂ ಅಂದರೆ ಫ್ಲೋರೈಡಿನ ಮೂಗುದಾರ. ಅದು ಇರುವ ತನಕ ಫ್ಲೋರೈಡ್ ಒಂದು ಮಟ್ಟಕ್ಕಿಂತ ಏರಿದರೆ ಎರಡೂ ಸೇರಿ ಫ್ಲೋರೈಟ್ ಆಗಿ ಗಟ್ಟಿಯಾಗಿ ಕೆಳಗೆ ಕೂರುತ್ತದೆ. ಕ್ಯಾಲ್ಸಿಯಂ ಮಣ್ಣಿನಲ್ಲೇ ಉಳಿದು ಹೋದ ಮೇಲೆ ಫ್ಲೋರೈಡನ್ನು ತಡೆಯುವವರಿಲ್ಲ. ಕ್ಷಾರ ಹೆಚ್ಚಿದ ನೀರು ಕಪ್ಪು ಅಭ್ರಕದೊಳಗಿನ ಫ್ಲೋರೈಡನ್ನು ಹೊರದಬ್ಬಿ ಆ ಜಾಗದಲ್ಲಿ ತಾನು ಕೂರುತ್ತದೆ. ನೀರು ಬಂಡೆಯೊಳಗೆ ಎಷ್ಟು ಹೆಚ್ಚು ಕಾಲ ನಿಂತರೆ ಅಷ್ಟು ಫ್ಲೋರೈಡ್. ಆಳಕ್ಕೆ ಕೊರೆದಷ್ಟೂ ಹಳೆಯ ನೀರು.

ಅಂದರೆ ಆ ಸೀಮೆಯಲ್ಲಿ ಬೇಳೆ ಚೆನ್ನಾಗಿ ಬೇಯುವ ನೀರೇ ಫ್ಲೋರೈಡಿನ ನೀರು. ಹೆಂಗಸರು ನಾಲಿಗೆ, ಸೋಪು, ಒಲೆ ಇವುಗಳಿಂದ ನೀರನ್ನು ಎರಡು ಜಾತಿ ಮಾಡಿಟ್ಟಿದ್ದರು. ನಮ್ಮ ಉಪಕರಣ ಮಾಡಿದ ವಿಂಗಡಣೆಯೂ ಅದೇ. ಬೆಳಗಾಗುತ್ತಲೇ ತಲಪರಿಗೆಗೆ ಹೋಗಿ ಬಾಟಲಿ ತುಂಬಿದೆ. ಬೆಂಗಳೂರಿನಲ್ಲಿ ಅಳೆದಾಗ ಅದು ಒಂದು ಮಿಲಿಗ್ರಾಮಿನ ಒಳಗೆ ಬಂತು, ಕ್ಯಾಲ್ಸಿಯಂ ಕೊಳವೆಬಾವಿಯದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅಪ್ಪ ಮಗನ ಹಲ್ಲಿನ ಪ್ರಶ್ನೆಗೂ ಉತ್ತರ ಸಿಕ್ಕಿತು. ಹಲ್ಲಿನ ಮೇಲ್ಪದರ ಒಸಡಿನೊಳಗೇ ರೂಪುಗೊಳ್ಳುವುದು ಎಂಟು ವರ್ಷದೊಳಗೆ. ಅಪ್ಪನಿಗೆ ಆ ವಯಸ್ಸಿದ್ದಾಗ ಊರಿಗೆ ಕೊಳವೆಬಾವಿ ಬಂದಿರಲಿಲ್ಲ.

ಆಮೇಲೆ ಲೈಬ್ರರಿಯಲ್ಲಿ ಕೂತು ಹಳೆಯದನ್ನೆಲ್ಲ ಓದುವಾಗ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯನ ಕಥೆ ಸಿಕ್ಕಿತು. 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿಗೆ ಬಂದವನು, ಅಲ್ಲಿಯ ಮಕ್ಕಳ ಕಂದು ಹಲ್ಲು ನೋಡಿ ಅದರ ಹಿಂದೆ ಬಿದ್ದ. 1909ರಿಂದ ಆ ದೇಶದ ದೊಡ್ಡ ದಂತವಿಜ್ಞಾನಿ ಬ್ಲ್ಯಾಕ್ ಜೊತೆಗೂಡಿದ. ಬ್ಲ್ಯಾಕ್ 1915ರಲ್ಲಿ ತೀರಿಕೊಂಡರೂ ಇವನು ಬಿಡಲಿಲ್ಲ. 1923ರಲ್ಲಿ ಇಡಾಹೊ ರಾಜ್ಯದ ಓಕ್ಲೀ ಎಂಬ ಊರಿಗೆ ಹೋದಾಗ ಅಲ್ಲಿಯ ತಾಯಂದಿರು ಹೇಳಿದರು: ಬಿಸಿನೀರಿನ ಬುಗ್ಗೆಯಿಂದ ಊರಿಗೆ ಕೊಳವೆ ಎಳೆದ ಮೇಲೆ ಹೀಗಾಯಿತು ಅಂತ. ಆ ನೀರು ಬಿಡಿ ಅಂದ ಮೆಕೇ, ಬಿಟ್ಟರು, ಆಮೇಲೆ ಹುಟ್ಟಿದ ಮಕ್ಕಳ ಹಲ್ಲು ಬೆಳ್ಳಗೆ ಬಂದವು. ನೀರಲ್ಲಿ ಏನಿದೆ ಅಂತ ಆಗಲೂ ಅವನಿಗೆ ಗೊತ್ತಿರಲಿಲ್ಲ. 1931ರಲ್ಲಿ ಅಲ್ಯೂಮಿನಿಯಂ ಕಂಪನಿಯ ರಸಾಯನಶಾಸ್ತ್ರಜ್ಞ ಚರ್ಚಿಲ್ ಅದು ಫ್ಲೋರೈಡ್ ಅಂತ ಕಂಡುಹಿಡಿದ. ಮೂವತ್ತು ವರ್ಷ ಒಂದೇ ಪ್ರಶ್ನೆ! ಆ ರಾತ್ರಿ ಓದುತ್ತಾ ನನಗೆ ಆ ತಾಯಂದಿರ ಮೇಲೆ ಬಂದ ಗೌರವ ಮೆಕೇ ಮೇಲೆ ಬಂದಷ್ಟೇ ಇತ್ತು.

ಅಲ್ಲಿಂದ ಮುಂದೆ ನನ್ನ ಕೆಲಸದ ದಾರಿ ಬದಲಾಯಿತು. ಮಣ್ಣು ಬಿಡಲಿಲ್ಲ, ಮಣ್ಣಿನೊಳಗೆ ನೀರು ಬದಲಾಗುವುದನ್ನು ಹಿಂಬಾಲಿಸಿದೆ. ಒಂದು ಊರಿನ ಗುಂಡಿ, ಅದೇ ಊರಿನ ತಲಪರಿಗೆ ಅಥವಾ ತೆರೆದ ಬಾವಿ, ಅದೇ ಊರಿನ ಕೊಳವೆಬಾವಿ, ಮೂರನ್ನೂ ಒಟ್ಟಿಗೆ. ಸುಣ್ಣದ ಗಂಟು ಎಲ್ಲಿ ದಟ್ಟವಾಗಿದೆಯೋ, ಚೌಳು ಎಲ್ಲಿ ಹರಡಿದೆಯೋ ಅಲ್ಲಿಯ ಕೊಳವೆಬಾವಿಯನ್ನು ಮೊದಲು ಪರೀಕ್ಷೆ ಮಾಡಿ ಅಂತ ಹೇಳುವ ಧೈರ್ಯ ಬಂತು.

ಜಿಪ್ಸಂ ಮೇಲೆ ಬಹಳ ಆಸೆ ಇಟ್ಟಿದ್ದೆ. ಚೌಳು ಮಣ್ಣನ್ನು ತಿದ್ದಲು ನಾವು ಕೊಡುವುದು ಜಿಪ್ಸಂ. ಪಾವಗಡದ ರೈತರಿಗೂ ಅದು ಗೊತ್ತು, ಕಡಲೇಕಾಯಿ ಊಡು ಇಳಿಯುವ ಹೊತ್ತಿಗೆ ಕಾಯಿ ತುಂಬಲಿ ಅಂತ ಹಾಕುತ್ತಾರೆ. ಅದರಲ್ಲಿ ಕ್ಯಾಲ್ಸಿಯಂ ಇದೆ. ನೀರಿಗೆ ಕ್ಯಾಲ್ಸಿಯಂ ವಾಪಸು ಕೊಟ್ಟರೆ ಫ್ಲೋರೈಡ್ ಇಳಿಯಬೇಕಲ್ಲವೇ? ಕೊಳವೆಗಳಲ್ಲಿ ಮಣ್ಣು ತುಂಬಿ, ಜಿಪ್ಸಂ ಬೆರೆಸಿ, ಪಾವಗಡದ ನೀರನ್ನು ಹನಿಹನಿಯಾಗಿ ಹಾಯಿಸಿ ನೋಡಿದೆವು. ಫ್ಲೋರೈಡ್ ಇಳಿಯಿತು. ಆದರೆ ನಿಧಾನ, ಜೊತೆಗೆ ಸಲ್ಫೇಟ್ ಏರಿ ಆ ನೀರು ಕುಡಿಯಲು ಬರದಂತಾಯಿತು. ಹೊಲಕ್ಕೆ ಸರಿ, ಬಿಂದಿಗೆಗೆ ಅಲ್ಲ.

ನಾಗಪುರದ ನೀರಿ ಸಂಸ್ಥೆಯವರು 1970ರ ದಶಕದಲ್ಲೇ, ಆಗ ಆಂಧ್ರಕ್ಕೆ ಸೇರಿದ್ದ ನಲ್ಗೊಂಡದ ಹೆಸರಲ್ಲಿ ಒಂದು ವಿಧಾನ ಕೊಟ್ಟಿದ್ದರು. ಪಟಿಕ, ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿ ಕಲಕಿ, ತಿಳಿ ಬಿಡುವುದು. ಒಳ್ಳೆಯದೇ, ಆದರೆ ದಿನಾ ಅಳೆದು ಹಾಕುವ ಸಹನೆ ಬೇಕು, ತಳದ ಗಸಿಯನ್ನು ಎಲ್ಲಿ ಸುರಿಯಬೇಕು ಅಂತ ಯಾರೂ ಹೇಳುವುದಿಲ್ಲ. ಮನೆಯಲ್ಲಿ ಕುದಿಸಿದರೆ ಹೋಗುತ್ತದೆ ಅಂತ ಈಗಲೂ ಕೆಲವರು ನಂಬಿದ್ದಾರೆ. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನೂ ಹೆಚ್ಚುತ್ತದೆ. ಇದನ್ನು ಸಿಕ್ಕಿದವರಿಗೆಲ್ಲ ಹೇಳು.

ಊಟದ ಪಾತ್ರವೂ ದೊಡ್ಡದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ, ಕೃಷ್ಣಸ್ವಾಮಿ 1973ರಲ್ಲೇ ಫ್ಲೋರೈಡ್ ಸೀಮೆಯ ಹುಡುಗರಲ್ಲಿ ಮಂಡಿಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವುದನ್ನು ಬರೆದಿದ್ದರು. ಅಂಥ ಸೀಮೆಯ ಜೋಳದಲ್ಲಿ ಮಾಲಿಬ್ಡಿನಮ್ ಹೆಚ್ಚು, ಅದು ಹೆಚ್ಚಾದರೆ ಮೈಯಿಂದ ತಾಮ್ರ ಹೊರಹೋಗುತ್ತದೆ ಅಂತ ಅದೇ ಸಂಸ್ಥೆಯವರು ತೋರಿಸಿದರು. ಮಣ್ಣು ಕ್ಷಾರವಾದಷ್ಟೂ ಬೆಳೆಗೆ ಮಾಲಿಬ್ಡಿನಮ್ ಸುಲಭವಾಗಿ ಸಿಗುತ್ತದೆ ಎಂಬುದು ನಿನ್ನ ಮೊದಲ ವರ್ಷದ ಪಾಠ. ನೋಡು, ಮೂಳೆಯ ರೋಗವನ್ನು ಹಿಂಬಾಲಿಸಿ ಹೋದರೂ ಮಣ್ಣಿಗೇ ಬಂದು ನಿಲ್ಲುತ್ತೇವೆ. ಅದೇ ಸಂಸ್ಥೆಯವರು 2002ರಲ್ಲಿ ಹುಣಿಸೆಹಣ್ಣು ತಿಂದ ಹುಡುಗರ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚು ಹೊರಹೋಗುತ್ತದೆ ಎಂದು ಕಂಡುಕೊಂಡರು. ನಾನು ಹೋದ ಊರಲ್ಲೆಲ್ಲ ರಾಗಿ ಬಿಡಬೇಡಿ, ಹುಣಿಸೆ ಬಿಡಬೇಡಿ, ಮಕ್ಕಳ ಹಾಲನ್ನು ಮಾರಿಕೊಳ್ಳಬೇಡಿ ಅಂತ ಹೇಳುತ್ತಲೇ ಬಂದೆ. ರಾಗಿಯಷ್ಟು ಕ್ಯಾಲ್ಸಿಯಂ ಇರುವ ಧಾನ್ಯ ಇನ್ನೊಂದಿಲ್ಲ. ರಾಗಿ ಬೆಳೆಯುವ ಹೊಲ ಬಿಟ್ಟು ಅಕ್ಕಿಗೆ ಕೈಯೊಡ್ಡುವ ಸ್ಥಿತಿ ಬಂದದ್ದು ಆ ಮೂಳೆಗಳಿಗೆ ಒಳ್ಳೆಯದಾಗಲಿಲ್ಲ, ಇದು ನನ್ನ ಗಟ್ಟಿ ಅಭಿಪ್ರಾಯ.

ಈಗ ನೀನು ಹೋದರೆ ಊರೂರಿಗೂ ಶುದ್ಧ ನೀರಿನ ಘಟಕ ಕಾಣುತ್ತೀಯ. ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನು ತುಂಬುತ್ತದೆ. ಫಿಲ್ಟರ್ ನೀರು ಅನ್ನುತ್ತಾರೆ. ಅದರಿಂದ ಬಹಳ ಉಪಕಾರವಾಗಿದೆ, ಈಗಿನ ಪುಟ್ಟ ಮಕ್ಕಳ ಹಲ್ಲು ನೋಡಿದರೆ ಎಷ್ಟೋ ಕಡೆ ಸಂತೋಷವಾಗುತ್ತದೆ. ಆದರೆ ಎರಡು ವಿಷಯ ನನ್ನ ನಿದ್ದೆ ಕೆಡಿಸುತ್ತವೆ. ಘಟಕದೊಳಗೆ ಹೋದ ನೀರಿನಲ್ಲಿ ದೊಡ್ಡ ಪಾಲು ಹಿಂದುಗಡೆಯ ಕೊಳವೆಯಿಂದ ಹೊರಬೀಳುತ್ತದೆ, ಒಳಗಿದ್ದ ಫ್ಲೋರೈಡ್, ಉಪ್ಪು ಎಲ್ಲವನ್ನೂ ಹೊತ್ತುಕೊಂಡು. ಅದು ಚರಂಡಿಗೆ, ಚರಂಡಿಯಿಂದ ತಗ್ಗಿಗೆ. ಘಟಕದ ಹಿಂದಿನ ನೆಲಕ್ಕೆ ಆಮ್ಲ ಬಿಟ್ಟು ನೋಡು, ಅದರ ಕ್ಷಾರ ಅಳೆ, ವರ್ಷ ವರ್ಷ ಅಳೆ. ಮಣ್ಣಿನವರಲ್ಲದೆ ಬೇರೆ ಯಾರೂ ಅಲ್ಲಿ ಬಗ್ಗಿ ನೋಡುವುದಿಲ್ಲ.

ಎರಡನೆಯದು ಇನ್ನೂ ದೊಡ್ಡದು. ಆ ಅಜ್ಜಿಯ ಮೊಮ್ಮಕ್ಕಳ ಹಲ್ಲಿನ ಮೇಲೆ ತೆಳ್ಳಗಿನ ಗೆರೆ ಇತ್ತು ಅಂದೆನಲ್ಲ, ಅದು ಎಲ್ಲಿಂದ ಬಂತು ಅಂತ ನಾನು ಬಹಳ ದಿನ ಯೋಚಿಸಿದೆ. ಕುಡಿದದ್ದು ತಲಪರಿಗೆ ನೀರು. ಉಂಡದ್ದು ಕೊಳವೆಬಾವಿ ನೀರಿನ ಸಾರು, ಮುದ್ದೆ, ಅನ್ನ. ಮುದ್ದೆ ತಿರುವುವಾಗ ಹಾಕಿದ ನೀರಷ್ಟೂ ಹಿಟ್ಟಿನೊಳಗೇ ಉಳಿಯುತ್ತದೆ, ಒಂದು ಹನಿಯೂ ಚೆಲ್ಲುವುದಿಲ್ಲ. ಈಗಲೂ ಅದೇ ನಡೆದಿದೆ. 20 ಲೀಟರ್ ಕ್ಯಾನು ಕುಡಿಯುವುದಕ್ಕೇ ಸಾಲದು. ಅಡುಗೆಗೆ ನಲ್ಲಿ ನೀರೇ, ಬೇಳೆಯೂ ಅದರಲ್ಲಿ ಚೆನ್ನಾಗಿ ಬೇಯುತ್ತದಲ್ಲ. ನಾನು ಕಂಡ ಸಮೀಕ್ಷೆಯ ನಮೂನೆಗಳಲ್ಲೆಲ್ಲ ಕುಡಿಯುವ ನೀರಿನ ಮೂಲ ಯಾವುದು ಅಂತ ಒಂದೇ ಪ್ರಶ್ನೆ ಇತ್ತು. ನೀನು ಹೋದಾಗ ಆ ಸಾಲಿನ ಪಕ್ಕದಲ್ಲಿ ಇನ್ನೊಂದು ಅಂಕಣ ಎಳೆದುಕೊ: ಮುದ್ದೆಗೆ ಯಾವ ನೀರು, ಬೇಳೆಗೆ ಯಾವ ನೀರು, ದಿನಕ್ಕೆ ಎಷ್ಟು ಚೊಂಬು. ಗಂಡಸರನ್ನು ಕೇಳಬೇಡ, ಅವರಿಗೆ ಗೊತ್ತಿರುವುದಿಲ್ಲ. ಒಲೆ ಮುಂದೆ ಕೂತವರನ್ನು ಕೇಳು, ಅವರು ನೀರು ಸುರಿಯುವಾಗ ನೀನೇ ಅಳೆದು ಬರೆದುಕೊ. ಆ ಲೆಕ್ಕ ನನಗೆ ಪೂರ್ತಿ ಮಾಡಲು ಆಗಲಿಲ್ಲ. ತಾಲ್ಲೂಕಿನ ಮಟ್ಟಕ್ಕೆ ಅದನ್ನು ಯಾರಾದರೂ ಮಾಡಿ ಮುಂದಿಟ್ಟರೆ, ಮನೆಗೆ ದಿನಕ್ಕೆ ಎಷ್ಟು ಒಳ್ಳೆಯ ನೀರು ಕೊಡಬೇಕು ಎಂಬ ಪ್ರಶ್ನೆಗೆ ಸರ್ಕಾರ ಹೊಸ ಅಂಕಿ ಬರೆಯಲೇಬೇಕಾಗುತ್ತದೆ.